ಮನೆಯಂಗಳಕ್ಕೆ ನಿತ್ಯಹಸುರಿನ ಗಿಡಗಳು

ಕ್ರಿಸ್‌ಮಸ್ ಗಿಡವೆಂಬ ಹೆಸರಿನಿಂದ ಬೆಂಗಳೂರಿನಲ್ಲಿ ಮಾರಾಟವಾಗುವ ಅರಾಕೇರಿಯಾವನ್ನು ಕುಂಡದಲ್ಲಿ ಕಂಡವರಿಗೆ ಅದರ ಮೇಲೆ ಮನಸ್ಸಾಗುವುದು ಸಹಜವೇ. ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿ ಗೋಪುರದಂತೆ ನಿಲ್ಲುವ ಆ ಅಂದಕ್ಕೆ ನಾವೂ ಸೋತವರೇ. ಆದರೆ ಅದನ್ನು ನೆಲದಲ್ಲಿ ನೆಡುವ ಮುನ್ನ ವಾಚಕರು ಒಮ್ಮೆ ಲಾಲ್‌ಬಾಗಿಗೆ ಹೋಗಿ, ಬೆಳೆದ ಮರಗಳನ್ನು ತಲೆಯೆತ್ತಿ ನೋಡತಕ್ಕದ್ದು. ನ್ಯೂ ಕ್ಯಾಲಿಡೋನಿಯಾ ದ್ವೀಪದ ಈ ವೃಕ್ಷವು ತನ್ನ ನಾಡಿನಲ್ಲಿ 60 ಮೀಟರಿನಷ್ಟು ಎತ್ತರಕ್ಕೂ ಏರಬಲ್ಲುದು. ವಿಚಿತ್ರವೆಂದರೆ, ಎಲ್ಲಿ ನೆಟ್ಟರೂ ಅದು ಬಹುಮಟ್ಟಿಗೆ ಭೂಮಧ್ಯರೇಖೆಯತ್ತಲೇ ವಾಲುವುದೆಂದು ವಿಜ್ಞಾನಿಗಳು ಅಳೆದು 2017ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಅದು ದಕ್ಷಿಣದ ಕಡೆ. ಆದಕಾರಣ ಮನೆಯ ಉತ್ತರದ ಗೋಡೆಗೆ ಒತ್ತಿ ಇದನ್ನು ನೆಡುವುದು ಹಿತವಲ್ಲ. ತುದಿ ಕತ್ತರಿಸಿ ಗಿಡ್ಡವಾಗಿಸೋಣವೆಂದರೆ ಗೋಪುರದ ಅಂದವೇ ಕೆಡುವುದು. ಪಕ್ಕದ ಕೊಂಬೆಯನ್ನು ಊರಿ ಬೆಳೆಸಿದ ಗಿಡವು ನೆಟ್ಟಗೆ ಏಳದೆ ಅಡ್ಡಡ್ಡವಾಗಿಯೇ ಹರಡುವುದು. ಬೀಜದಿಂದ ಎದ್ದುದನ್ನೇ ಕೇಳಿ ಕೊಳ್ಳಬೇಕು.

ಸಣ್ಣ ಅಂಗಳಕ್ಕೆ ನಮ್ಮ ಮತದಲ್ಲಿ ಥೂಜಾ ಲೇಸು. ಚೀನಾದೇಶದ ಈ ಗಿಡದ ರೆಂಬೆಗಳು ಪುಸ್ತಕದ ಹಾಳೆಗಳಂತೆ ಚಪ್ಪಟೆಯಾಗಿ, ನೆಟ್ಟಗೆ, ಒತ್ತೊತ್ತಾಗಿ ನಿಲ್ಲುವುವು. ಹೊಂಬಣ್ಣದ ಕುಳ್ಳ ತಳಿಯೂ ಉಂಟು. ಬಿಸಿಲು ಬೇಕು, ಬೇರಿನಲ್ಲಿ ನೀರು ನಿಲ್ಲಬಾರದು. ಕತ್ತರಿಯನ್ನು ಮಾತ್ರ ಹಸುರು ಇರುವಷ್ಟರಲ್ಲೇ ಆಡಿಸಬೇಕು. ಒಳಗಿನ ಕಂದು ಕಡ್ಡಿಯವರೆಗೆ ಕತ್ತರಿಸಿದ ಕಡೆ ಅದು ಮತ್ತೆ ಚಿಗುರದು.