ಮುತ್ಯಾ-ಆಯಿಯ ಜೊತೆ ಏಳು ದಿನ: ಹಿರಿಯರಿಗೊಂದು ರೋಡ್ ಟ್ರಿಪ್ ಪ್ಲಾನ್ ಮಾಡೋದು ಹೇಗೆ?

ನಾವು ಹುಡುಗರು ಟ್ರಿಪ್ ಪ್ಲಾನ್ ಮಾಡೋ ರೀತಿ ಎಲ್ಲರಿಗೂ ಗೊತ್ತೇ ಇದೆ. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ರೂಮಿನಲ್ಲಿ ಮಾತು ಶುರುವಾಗುತ್ತೆ, ಬೆಳಗಿನ ಜಾವ ನಾಲ್ಕಕ್ಕೆ ಬೈಕ್ ಹೊರಡುತ್ತೆ. ಊಟ ಸಿಕ್ಕಲ್ಲಿ, ನಿದ್ದೆ ಬಂದಲ್ಲಿ. ಇದೇ ಪ್ಲಾನನ್ನ 67 ವರ್ಷದ ಮುತ್ಯಾ ಮತ್ತು 63 ವರ್ಷದ ಆಯಿಗೆ ಮಾಡಿಕೊಟ್ಟರೆ ಏನಾಗುತ್ತೆ? ನಾನು ಮಾಡಿಕೊಟ್ಟಿದ್ದೆ. ಆದದ್ದು ಇಷ್ಟು: ಮುತ್ಯಾ ನಕ್ಕರು, ಆಯಿ "ನಾ ಬರಂಗಿಲ್ಲ" ಅಂದ್ಲು.

ನಮ್ಮೂರು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ. ಮುತ್ಯಾ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಈಗಲೂ ದಿನಾ ಬೆಳಿಗ್ಗೆ ಕಾಲುವೆ ದಂಡೆ ಮೇಲೆ ನಾಲ್ಕು ಕಿಲೋಮೀಟರ್ ನಡೀತಾರೆ. ಚಾಲುಕ್ಯರ ಪಾಠವನ್ನ ವರ್ಷಗಟ್ಟಲೆ ಮಾಡಿದ್ದಾರೆ, ಆದರೆ ಐಹೊಳೆ ನೋಡಿರಲಿಲ್ಲ. ಆಯಿ ಕಂಡದ್ದು ತಿಂಥಣಿ ಮೌನೇಶ್ವರನ ಜಾತ್ರೆ, ಮಂತ್ರಾಲಯ, ಮತ್ತೆ ಬಂಧುಗಳ ಮದುವೆ ಮನೆ. ಸೆಮಿಸ್ಟರ್ ರಜೆಯಲ್ಲಿ ಕಾಕಾ ಕಾರು ಕೊಡ್ತೀನಿ ಅಂದಾಗ ನಾನು ಎಕ್ಸೆಲ್ ಶೀಟ್ ತೆರೆದು ಕೂತೆ. ನಾಲ್ಕು ದಿನ, ಹನ್ನೊಂದು ಜಾಗ!

ಆ ಶೀಟ್ ಯಾಕೆ ಫೇಲ್ ಆಯ್ತು, ಆಮೇಲೆ ಏಳು ದಿನದ ಪ್ಲಾನ್ ಹೇಗೆ ತಯಾರಾಯ್ತು ಅನ್ನೋದೇ ಈ ಲೇಖನ. ನಿಮ್ಮ ಮನೆಯಲ್ಲೂ ನಿವೃತ್ತರಾಗಿ, ಕೈಕಾಲು ಗಟ್ಟಿ ಇರೋ ಹಿರಿಯರಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಕೇಳಿ, ಆಮೇಲೆ ನಕ್ಷೆ ತೆರೆಯಿರಿ

ನನ್ನ ಮೊದಲ ತಪ್ಪು ಏನಂದ್ರೆ ಅವರನ್ನ ಕೇಳದೇ ಅವರ ಪರವಾಗಿ ನಾನೇ ತೀರ್ಮಾನ ಮಾಡಿದ್ದು. "ಮೆಟ್ಟಿಲು ಜಾಸ್ತಿ" ಅಂತ ಐಹೊಳೆಯ ಮೇಗುತಿ ಗುಡ್ಡ ತೆಗೆದುಹಾಕಿದ್ದೆ. ಮುತ್ಯಾ ಶೀಟ್ ನೋಡಿ, "ತಮ್ಮಾ, ಅದೊಂದು ಬಿಟ್ಟು ಎಲ್ಲಾ ಹಾಕೀದಿ ನೋಡು" ಅಂದ್ರು. ಮೇಗುತಿ ಗುಡಿಯ ಗೋಡೆ ಮೇಲೆ ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇದೆ. ಇಮ್ಮಡಿ ಪುಲಕೇಶಿ ಹರ್ಷನನ್ನ ಸೋಲಿಸಿದ ಸಂಗತಿ ಬರೋದು ಅದರಲ್ಲೇ. ಅಷ್ಟು ವರ್ಷ ಬೋರ್ಡ್ ಮೇಲೆ ಬರೆದ ಇಸವಿಯನ್ನ ಒಮ್ಮೆ ಕಲ್ಲಿನ ಹತ್ತಿರ ನಿಂತು ನೋಡಬೇಕು ಅನ್ನೋದು ಅವರ ಆಸೆ.

ಆಯಿಯ ಆಸೆ ಬೇರೆ. "ತಿಂಥಣ್ಯಾಗ ದಿನಾ ನೋಡೋ ಕೃಷ್ಣಾ ಹೊಳಿ ಮ್ಯಾಲಿಂದ ಹೆಂಗ ಬರ್ತೈತಿ, ಕೂಡೋ ಜಾಗ ನೋಡಬೇಕು." ಅಂದರೆ ಕೂಡಲಸಂಗಮ. ಅಲ್ಲಿ ಕೃಷ್ಣಾ, ಮಲಪ್ರಭಾ ಸೇರುತ್ತವೆ.

ಹಾಗಾಗಿ ಮೊದಲ ಸೂತ್ರ: ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳಿ. "ಯಾವ ಒಂದು ಜಾಗ ತಪ್ಪಿದರೆ ಈ ಪ್ರವಾಸ ಸುಮ್ಮನೆ ಅನ್ನಿಸುತ್ತೆ?" ಆ ಉತ್ತರಗಳು ಸ್ಥಿರ ಬಿಂದುಗಳು. ಉಳಿದದ್ದನ್ನ ಎಷ್ಟು ಬೇಕಾದರೂ ಕತ್ತರಿಸಬಹುದು.

ಈ ಎರಡು ಉತ್ತರ ಸಿಕ್ಕ ಕೂಡಲೇ ದಾರಿ ತಾನೇ ಮೂಡಿತು. ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ನಮ್ಮ ಭಾಗಕ್ಕೆ ಎಡೆದೊರೆ ನಾಡು ಅಂತ ಹಳೆಯ ಹೆಸರು. ಕೃಷ್ಣಾ ಕಡೆಯಿಂದ ಹೊರಟು, ಮಲಪ್ರಭೆ ಜೊತೆ ಬಾದಾಮಿವರೆಗೆ ಹೋಗಿ, ತುಂಗಭದ್ರೆ ದಡದ ಹಂಪಿ ನೋಡಿ, ಸಿಂಧನೂರು, ಮಸ್ಕಿ ಮೇಲೆ ಮನೆಗೆ ಬರೋದು. ಹೋದ ದಾರಿಯಲ್ಲಿ ವಾಪಸ್ ಬರುವ ಬೇಸರವೂ ಇಲ್ಲ.

ಟ್ರಯಲ್ ರನ್ ಮಾಡಿ

ಪ್ರಾಜೆಕ್ಟಿಗೆ ಪ್ರೊಟೊಟೈಪ್ ಮಾಡ್ತೀವಲ್ಲ, ಹಾಗೆ ಹೊರಡುವ ಹತ್ತು ದಿನ ಮೊದಲು ಮುದಗಲ್‌ಗೆ ಹೋಗಿ ಬಂದ್ವಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಕೋಟೆ ನೋಡಿದ್ವಿ, ಬುತ್ತಿ ಬಿಚ್ಚಿ ರೊಟ್ಟಿ ಪುಂಡಿಪಲ್ಯ ಉಂಡ್ವಿ, ಎಲ್ಲ ಸರಿ. ಸಂಜೆ ಆಯಿಗೆ ತಲೆನೋವು, ಸುಸ್ತು. ಅಮ್ಮ ಕೇಳಿದಾಗ ಗೊತ್ತಾಯ್ತು: ಬೆಳಿಗ್ಗೆ ಚಹಾ ಕುಡಿದ ಮೇಲೆ ಆಯಿ ಒಂದು ಗುಟುಕು ನೀರೂ ಕುಡಿದಿರಲಿಲ್ಲ.

"ಯಾಕ ಆಯಿ?" ಅಂದೆ.

"ನೀರು ಕುಡದ್ರ ಹೋಗಬೇಕಾಗತೈತಿ. ಎಲ್ಲಿಗೆ ಹೋಗ್ಲಿ? ನಿಮಗ ಗಂಡಸರಿಗೇನು, ಎಲ್ಲೆರ ನಿಂದರ್ತೀರಿ."

ನನ್ನ ಶೀಟಿನಲ್ಲಿ ಪೆಟ್ರೋಲ್ ಇತ್ತು, ಟೋಲ್ ಇತ್ತು, ಸೂರ್ಯಾಸ್ತದ ಸಮಯ ಕೂಡ ಇತ್ತು. ಶೌಚಾಲಯದ ಕಾಲಮ್ ಇರಲಿಲ್ಲ. ಮದುವೆ, ಜಾತ್ರೆ ಅಂತ ಓಡಾಡಿದ ಅಷ್ಟೂ ವರ್ಷ ಆಯಿ ಹೀಗೇ ಬಾಯಾರಿಕೊಂಡೇ ಪ್ರಯಾಣ ಮಾಡಿದ್ದಾಳೆ ಅಂತ ಅವತ್ತು ಅರ್ಥ ಆಯ್ತು. "ನಾ ಬರಂಗಿಲ್ಲ" ಅಂದದ್ದಕ್ಕೂ ಇದೇ ಕಾರಣ ಇರಬೇಕು. ಹೇಳೋಕೆ ಸಂಕೋಚ, ಅಷ್ಟೇ.

ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತೆ. ಅದರ ಮೇಲೆ ಬೇಕಂತಲೇ ನೀರು ಬಿಟ್ಟರೆ ದೇಹ ಬೇಗ ಒಣಗುತ್ತೆ. ಬಿ.ಪಿ.ಗೆ ನೀರಿನ ಮಾತ್ರೆ ತಗೊಳ್ಳೋರಿಗೆ ಇನ್ನೂ ತೊಂದರೆ. ಮಾತ್ರೆಯ ಹೊತ್ತು ಬದಲಿಸೋದಾದರೆ ಡಾಕ್ಟರನ್ನ ಕೇಳಿಯೇ ಬದಲಿಸಿ, ನೀವಾಗಿ ನಿಲ್ಲಿಸಬೇಡಿ.

ಆಮೇಲೆ ನಾನು ಮಾಡಿದ ಕೆಲಸ ಇದು: ನಿಲುಗಡೆಗಳನ್ನ ಮೊದಲು ಶೌಚಾಲಯ ನೋಡಿ ಆರಿಸಿದೆ, ಆಮೇಲೆ ತಿಂಡಿ, ಆಮೇಲೆ ಸೀನರಿ. ದೊಡ್ಡ ಊರಿನ ಬಸ್‌ಸ್ಟ್ಯಾಂಡ್, ಪೆಟ್ರೋಲ್ ಬಂಕ್, ಫ್ಯಾಮಿಲಿ ಹೋಟೆಲ್, ಪ್ರವಾಸಿ ತಾಣದ ಟಿಕೆಟ್ ಕೌಂಟರ್ ಬಳಿ ಇರೋದು, ಇಷ್ಟನ್ನ ನಕ್ಷೆಯಲ್ಲಿ ಗುರುತು ಹಾಕಿಕೊಂಡೆ. ನಿಂತಾಗ "ಹೋಗಬೇಕಾ?" ಅಂತ ಯಾರೂ ಕೇಳುವಂತಿಲ್ಲ, ಎಲ್ಲರೂ ಇಳಿಯಲೇಬೇಕು ಅಂತ ನಿಯಮ. ಕೇಳಿದರೆ ಆಯಿ "ಬ್ಯಾಡ" ಅಂತಾಳೆ. ಕೇಳದಿದ್ದರೆ ತಾನೇ ಹೋಗಿ ಬರ್ತಾಳೆ.

ಗಂಟೆಯ ಲೆಕ್ಕ

ಮೊಬೈಲ್ ನಕ್ಷೆ ತೋರಿಸೋದು ಕಾರಿನ ಗಂಟೆ, ಮನುಷ್ಯರ ಗಂಟೆ ಅಲ್ಲ. ನಾನು ಇಟ್ಟುಕೊಂಡ ಫ್ಯಾಕ್ಟರ್ ಆಫ್ ಸೇಫ್ಟಿ 1.5. ಅದರ ಮೇಲೆ ಒಂದೂವರೆ ಗಂಟೆಗೊಮ್ಮೆ 20 ನಿಮಿಷದ ನಿಲುಗಡೆ. ಉದಾಹರಣೆಗೆ ಬಾದಾಮಿಯಿಂದ ಹಂಪಿ ಸುಮಾರು 140 ಕಿ.ಮೀ. ಕಾರಿನ ಲೆಕ್ಕ ಮೂರು ಗಂಟೆ ಹಿಡಿಯೋಣ. ನಮ್ಮದು ನಾಲ್ಕೂವರೆ, ಮೂರು ನಿಲುಗಡೆಗೆ ಒಂದು ಗಂಟೆ, ದಾರಿಯಲ್ಲಿ ಒಂದು ಗುಡಿ ನೋಡೋಕೆ ಇನ್ನೊಂದು ಗಂಟೆ. ಎಂಟಕ್ಕೆ ಬಿಟ್ಟರೆ ಎರಡೂವರೆಗೆ ಮುಟ್ಟುತ್ತೀವಿ. ಸಂಜೆ ಪೂರ್ತಿ ಕೈಯಲ್ಲಿ ಇರುತ್ತೆ.

ಕತ್ತಲಾದ ಮೇಲೆ ಗಾಡಿ ಓಡಿಸೋದು ಪೂರ್ತಿ ಬಿಟ್ಟುಬಿಡಿ. ವಯಸ್ಸಾದಾಗ ಕಣ್ಣಿನ ಪಾಪೆ ಚಿಕ್ಕದಾಗಿ ಒಳಗೆ ಹೋಗೋ ಬೆಳಕು ಕಡಿಮೆಯಾಗುತ್ತೆ, ಎದುರಿನ ಹೆಡ್‌ಲೈಟ್ ಕುಕ್ಕಿದರೆ ದೃಷ್ಟಿ ಸರಿಹೋಗೋಕೂ ಹೊತ್ತು ಬೇಕು. ನಿಮ್ಮ ಮನೆಯ ಹಿರಿಯರೇ ಡ್ರೈವ್ ಮಾಡೋರಾದರೆ ಇದು ಮುಖ್ಯ. ನೀವೇ ಓಡಿಸಿದರೂ ಬಾಗಲಕೋಟೆ ಸುತ್ತಮುತ್ತ ಕಬ್ಬಿನ ಟ್ರ್ಯಾಕ್ಟರ್‌ಗಳು ಹಿಂದಿನ ದೀಪ ಇಲ್ಲದೇ ಹೋಗ್ತಿರುತ್ತವೆ.

ಕಾಲ ಯಾವುದು? ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತೆ, ಬೇಡವೇ ಬೇಡ. ಮಳೆಗಾಲದಲ್ಲಿ ಹೊಳೆ ತುಂಬಿ ಚೆಂದ ನಿಜ, ಆದರೆ ನಾರಾಯಣಪುರ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ, ನಮ್ಮ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗೋದು ನಮಗೆ ಹೊಸದಲ್ಲ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಒಂದೇ ಎಚ್ಚರ: ಪುಷ್ಯ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಇರುತ್ತೆ, ಆಗ ಬಾದಾಮಿಯಲ್ಲಿ ರೂಮು ಸಿಗೋದು ಕಷ್ಟ. ನಾವು ಜಾತ್ರೆ ದಾಟಿಸಿಕೊಂಡು ಹೊರಟ್ವಿ.

ನಮ್ಮ ಏಳು ದಿನ

ದಿನ 1: ಜಾಲಹಳ್ಳಿ, ಲಿಂಗಸುಗೂರು, ಮುದಗಲ್, ಇಳಕಲ್, ಕೂಡಲಸಂಗಮ. ಇಳಕಲ್ಲಿನಲ್ಲಿ ಸೀರೆ ನೇಯೋದು ನೋಡಿದ್ವಿ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸೋ ವಿಧಾನ ಮೆಕ್ಯಾನಿಕಲ್‌ನವರು ನೋಡಲೇಬೇಕು. ಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ ಬಾವಿಯಂಥ ಕಟ್ಟಡದೊಳಗೆ ಮೆಟ್ಟಿಲು ಇಳಿದು ಹೋಗಬೇಕು. ಸುತ್ತ ಹಿನ್ನೀರು ನಿಂತರೂ ಮುಳುಗದ ಹಾಗೆ ಹಾಗೆ ಕಟ್ಟಿದ್ದಾರೆ. ಆಯಿಗೆ ಮೊಣಕಾಲು ನೋವು ಅಂತ ನಾನು "ಮೇಲಿಂದಲೇ ದರ್ಶನ" ಅಂತ ಬರೆದಿದ್ದೆ. ಆಯಿ ಕೇಳಲಿಲ್ಲ. ಕಟಾಂಜನ ಹಿಡಿದು, ನಡುನಡುವೆ ನಿಂತು, ಇಳಿದೇ ಇಳಿದಳು.

ದಿನ 2: ಐಹೊಳೆ. ಬೆಳಿಗ್ಗೆ ತಂಪು ಹೊತ್ತಿನಲ್ಲೇ ಮುತ್ಯಾ ಮತ್ತು ನಾನು ಮೇಗುತಿ ಗುಡ್ಡ ಹತ್ತಿದ್ವಿ. ಆಯಿ ಕೆಳಗೆ ದುರ್ಗ ಗುಡಿಯ ಆವರಣದ ನೆರಳಲ್ಲಿ. ಎಲ್ಲರೂ ಎಲ್ಲ ಕಡೆ ಹೋಗಲೇಬೇಕು ಅಂತಿಲ್ಲ, ಆದರೆ ಉಳಿಯೋರಿಗೆ ನೆರಳು, ನೀರು, ಕೂರೋ ಜಾಗ ಇರಬೇಕು. ಶಾಸನದ ಲಿಪಿ ಮುತ್ಯಾಗೂ ಓದೋಕೆ ಬರಲ್ಲ. ಸುಮ್ಮನೆ ನಿಂತರು. ಆಮೇಲೆ ನನ್ನನ್ನೊಬ್ಬನನ್ನೇ ಕ್ಲಾಸ್ ಅಂದ್ಕೊಂಡು ಅರ್ಧ ಗಂಟೆ ಪಾಠ ಮಾಡಿದರು.

ದಿನ 3: ಬಾದಾಮಿ. ಬೆಳಿಗ್ಗೆ ಗುಹೆಗಳು, ಮಧ್ಯಾಹ್ನ ನಿದ್ದೆ, ಸಂಜೆ ಅಗಸ್ತ್ಯ ತೀರ್ಥದ ದಂಡೆ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. ಮೊಣಕಾಲಿಗೆ ಹತ್ತೋದಕ್ಕಿಂತ ಇಳಿಯೋದು ಹೆಚ್ಚು ಭಾರ, ಹಾಗಾಗಿ ಕೋಲು ಇಳಿಯುವಾಗ ಬೇಕು. ಕೈಯಲ್ಲಿ ತಿಂಡಿ ಚೀಲ ಬೇಡ, ಕೋತಿಗಳು ಕಸಿಯುತ್ತವೆ.

ದಿನ 4: ಅರ್ಧ ದಿನ ಮಾತ್ರ. 22 ಕಿ.ಮೀ. ದೂರದ ಪಟ್ಟದಕಲ್ಲು. ಇದು ಸಮತಟ್ಟು ಜಾಗ, 1987ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಗುಡಿಗಳ ಬೆನ್ನಿಗೇ ಮಲಪ್ರಭೆ. ಮಧ್ಯಾಹ್ನ ಬನಶಂಕರಿಯಲ್ಲಿ ಅವ್ವಂದಿರು ಬುಟ್ಟಿಯಲ್ಲಿ ತಂದು ಮಾರೋ ರೊಟ್ಟಿ ಊಟ. ಉಳಿದರ್ಧ ದಿನ ಖಾಲಿ ಬಿಟ್ಟದ್ದು ಬೇಕಂತಲೇ. ಯಾರಿಗಾದರೂ ಮೈ ಹುಷಾರಿಲ್ಲದಿದ್ದರೆ ಈ ಬಫರ್ ಕಾಪಾಡುತ್ತೆ.

ದಿನ 5: ಗಜೇಂದ್ರಗಡ, ಕುಕನೂರು ಮೇಲೆ ಹಂಪಿ. ದಾರಿಯಲ್ಲಿ ಇಟಗಿಯ ಮಹಾದೇವ ದೇವಾಲಯ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಹತ್ತೋಕೆ ಗುಡ್ಡ ಇಲ್ಲ, ಗದ್ದಲ ಇಲ್ಲ. ಹಿರಿಯರ ಜೊತೆ ಹೋಗೋರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗೋದು ಕಷ್ಟ.

ದಿನ 6: ಹಂಪಿ. ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಇದೆ. ಅಲ್ಲಿ ತಗೊಂಡ ಟಿಕೆಟ್ ಅದೇ ದಿನ ಜನಾನಾ ಆವರಣಕ್ಕೂ ನಡೆಯುತ್ತೆ, ಬಿಸಾಡಬೇಡಿ. ಕಮಲಾಪುರದ ಮ್ಯೂಸಿಯಂ ಶುಕ್ರವಾರ ರಜೆ. ಅಂಜನಾದ್ರಿಯ 575 ಮೆಟ್ಟಿಲು ಬೇಕೋ ಬೇಡವೋ ಅನ್ನೋದು ಅವರಿಗೇ ಬಿಟ್ಟದ್ದು. ನಮ್ಮವರು ಕೆಳಗಿಂದಲೇ ಕೈಮುಗಿದರು.

ದಿನ 7: ಗಂಗಾವತಿ, ಸಿಂಧನೂರು, ಮಸ್ಕಿ, ಲಿಂಗಸುಗೂರು, ಜಾಲಹಳ್ಳಿ. ಮಸ್ಕಿಯ ಶಾಸನವನ್ನ 1915ರಲ್ಲಿ ಗುರುತಿಸಿದವರು ಬೀಡನ್ ಎಂಬ ಗಣಿ ಎಂಜಿನಿಯರ್. ಹುಡುಕುತ್ತಿದ್ದದ್ದು ಚಿನ್ನ, ಸಿಕ್ಕಿದ್ದು ಅಶೋಕನ ಹೆಸರು! ಶಾಸನಗಳ ದೇವಾನಾಂಪ್ರಿಯ ಅಶೋಕನೇ ಅನ್ನೋದಕ್ಕೆ ನೇರ ಸಾಕ್ಷಿ ಮೊದಲು ಸಿಕ್ಕಿದ್ದು ಇಲ್ಲಿ. ನಮ್ಮ ಬ್ರ್ಯಾಂಚಿನವರು ಹೆಮ್ಮೆ ಪಡಬಹುದು.

ಗಾಡಿ, ಮಾತ್ರೆ, ರೊಕ್ಕ

ಕಾರು ಆರಿಸುವಾಗ ಸೀಟಿನ ಎತ್ತರ ನೋಡಿ. ಜಾಸ್ತಿ ಎತ್ತರ ಆದರೆ ಸೀರೆ ಉಟ್ಟವರಿಗೆ ಹತ್ತೋದು ಕಷ್ಟ, ಜಾಸ್ತಿ ತಗ್ಗಾದರೆ ಏಳೋದು ಕಷ್ಟ. ನಾವು ಅಡುಗೆಮನೆಯ ಒಂದು ಮಣೆ ತಗೊಂಡು ಹೋದ್ವಿ. ಏಳೂ ದಿನ ಮೆಟ್ಟಿಲಾಯ್ತು, ಗುಡಿ ಮುಂದೆ ಕೂರೋಕೂ ಆಯ್ತು.

ಮಾತ್ರೆಗಳನ್ನ ಎರಡು ಭಾಗ ಮಾಡಿ ಎರಡು ಚೀಲದಲ್ಲಿಡಿ. ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಇನ್ಸುಲಿನ್ ಇದ್ದರೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಬಿಸಿಗೆ ಕೆಡುತ್ತೆ. ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112.

"ಸರ್ಕಾರಿ ಬಸ್ಸು ನನಗ ಫ್ರೀ ಐತಿ, ಕಾರಿಗ್ಯಾಕ ರೊಕ್ಕ ಹಾಕ್ತಿ?" ಅಂತ ಆಯಿ ಕೇಳಿದ್ದೂ ಸುಳ್ಳಲ್ಲ. ಕಾರು ಇಲ್ಲದವರು ಹೀಗೆ ಮಾಡಬಹುದು: ಬಾದಾಮಿ ಮತ್ತು ಹೊಸಪೇಟೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ದಿನದ ಲೆಕ್ಕಕ್ಕೆ ಆಟೋ ಅಥವಾ ಟ್ಯಾಕ್ಸಿ ಮಾಡಿಕೊಳ್ಳಿ. ಸಾಮಾನ್ಯ ಬಸ್ಸಿನಲ್ಲಿ ಹೆಣ್ಮಕ್ಕಳಿಗೆ ಟಿಕೆಟ್ ಇಲ್ಲ, 60 ದಾಟಿದವರಿಗೆ ಶೇ. 25 ರಿಯಾಯಿತಿ ಇದೆ. ಗುರುತಿನ ಚೀಟಿ ಮರೀಬೇಡಿ.

ಕೊನೆಗೆ

ಪ್ಲಾನ್ ಅಂದ್ರೆ ಹಿರಿಯರನ್ನ ಕಷ್ಟದಿಂದ ದೂರ ಇಡೋದು ಅಂದ್ಕೊಂಡಿದ್ದೆ. ಮುತ್ಯಾಗೆ ಗುಡ್ಡ ಕಷ್ಟ ಆಗಿರಲಿಲ್ಲ, ಆಯಿಗೆ ಮೆಟ್ಟಿಲೂ ಅಷ್ಟು ಕಷ್ಟ ಆಗಿರಲಿಲ್ಲ. ನಿಜವಾದ ಕಷ್ಟ ನನ್ನ ಶೀಟಿನಲ್ಲಿ ಇರಲೇ ಇಲ್ಲ. ಅದನ್ನ ತೋರಿಸಿದ್ದು ಮುದಗಲ್‌ನ ಒಂದು ದಿನ.

ವಾಪಸ್ ಬರುವಾಗ ಲಿಂಗಸುಗೂರಿನಲ್ಲಿ ನಿಂತ್ವಿ. ಆಯಿ ತಾನೇ ಬಾಟಲಿ ತೆರೆದು ಗಟಗಟ ನೀರು ಕುಡಿದಳು. ಆಮೇಲೆ ಕೇಳಿದಳು: "ಕೃಷ್ಣಾ ಹೊಳಿ ಹುಟ್ಟೋದು ಎಲ್ಲಿ?"

ಮುತ್ಯಾ ಮುಂದಿನ ಸೀಟಿನಿಂದಲೇ, "ಮಹಾಬಲೇಶ್ವರ" ಅಂದ್ರು.

"ದೂರ ಐತೇನು?"

ನಾನು ಮುಂದಿನ ರಜೆಗೆ ಹೊಸ ಶೀಟ್ ತೆರೆದಿದ್ದೀನಿ. ಮೊದಲ ಕಾಲಮ್ ಯಾವುದು ಅಂತ ಹೇಳಬೇಕಿಲ್ಲ ತಾನೆ?