ಶಾಲೆಯ ನಲ್ಲಿಗೆ ಶುದ್ಧ ನೀರು: ಊರಿನವರ ಹೊಣೆ

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಿಸೆ ತೋಪಿಗೆ ಹೆಸರಾದ ಊರು. ಸುಮಾರು 54 ಎಕರೆಯ ಈ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಹಳೆಯ ಮರಗಳಿಗೆ ಹೀಗೆ ಕಾಯಿದೆಯ ರಕ್ಷಣೆ ದೊರೆಯಿತು. ಮಕ್ಕಳು ಕುಡಿಯುವ ನೀರಿಗೂ ಅಂಥದೇ ರಕ್ಷಣೆ ಇದೆ ಎಂಬುದನ್ನು ರೈತರು ಅರಿತಿರಬೇಕು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಳ್ಳಿಯ ನಲ್ಲಿಗೆ ಬರುವುದು ಬಹುಪಾಲು ಕೊಳವೆ ಬಾವಿಯ ನೀರು. 2019ರಲ್ಲಿ ಜಲಜೀವನ್ ಮಿಷನ್ ಆರಂಭವಾಯಿತು. ಶಾಲೆ, ಅಂಗನವಾಡಿಗಳಿಗೆ ನಲ್ಲಿ ಹಾಕಿಸಲು 2020ರ ಅಕ್ಟೋಬರ್ 2ರಿಂದ 100 ದಿನಗಳ ಆಂದೋಲನವೂ ನಡೆಯಿತು. ಆದರೆ ನಲ್ಲಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು. ಬೇಸಿಗೆಯಲ್ಲೂ ನೀರು ಬರಬೇಕು. ಬಂದ ನೀರು ಕುಡಿಯಲು, ಬಿಸಿಯೂಟದ ಅಡಿಗೆಗೆ ಯೋಗ್ಯವಾಗಿರಬೇಕು.

ಬಾವಿಯ ರಕ್ಷಣೆ

1999ರ ಕರ್ನಾಟಕ ಅಂತರ್ಜಲ ಕಾಯಿದೆಯಂತೆ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೆಗೆಯುವಂತಿಲ್ಲ. ಹಿಪ್ಪುನೇರಳೆ, ದ್ರಾಕ್ಷಿ ಬೆಳೆಯುವವರಿಗೆ ಇದು ಕಟ್ಟುಪಾಡೆನಿಸಬಹುದು. ಆದರೆ ಕಲ್ಲಿನ ಒಂದೇ ಬಿರುಕಿನಿಂದ ಎರಡು ಪಂಪು ನೀರೆಳೆದರೆ, ಸಾಮಾನ್ಯವಾಗಿ ಮೊದಲು ಬತ್ತುವುದು ಆಳ ಕಡಿಮೆಯಿರುವ ಬಾವಿ. ಅದು ಊರಿನ ಬಾವಿಯಾದರೆ ಶಾಲೆಯ ನಲ್ಲಿಯೂ ಒಣಗುತ್ತದೆ.

ತಿಪ್ಪೆಗುಂಡಿ, ಶೌಚದ ಗುಂಡಿಗಳು ಬಾವಿಯಿಂದ ದೂರವಿರಲಿ. ಇವುಗಳಿಂದಲೂ ಮಿತಿಮೀರಿ ಹಾಕಿದ ಸಾರಜನಕ ಗೊಬ್ಬರದಿಂದಲೂ ನೈಟ್ರೇಟ್ ನೆಲಕ್ಕಿಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ತಕ್ಕುದಲ್ಲ.

ಕಣ್ಣಿಗೆ ಕಾಣದ ದೋಷ

ಆಳದ ಕಲ್ಲುಪದರದ ನೀರಿನಲ್ಲಿ ಕೆಲವೆಡೆ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಂತೆ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಾಗ 1.5ರವರೆಗೆ ಒಪ್ಪಬಹುದು. ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ. ಮಿತಿಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗೂ ಹಾನಿ. ಕುದಿಸಿದರೂ ಬ್ಲೀಚಿಂಗ್ ಪುಡಿ ಹಾಕಿದರೂ ಫ್ಲೋರೈಡ್ ಹೋಗದು. ಪರೀಕ್ಷೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ.

ರೋಗಾಣುಗಳನ್ನು ಕೊಲ್ಲಲು ಬ್ಲೀಚಿಂಗ್ ಪುಡಿ ಸಾಕು. 1,000 ಲೀಟರ್ ನೀರಿಗೆ ಸುಮಾರು 4 ಗ್ರಾಂ ಹೊಸ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಮಡ್ಡಿ ಇಳಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಬೇಕು. ಅರ್ಧ ಗಂಟೆ ಕಳೆದ ಮೇಲೆ ನೀರು ಬಿಡಬೇಕು. ಡಬ್ಬಿ ತೆರೆದಿಟ್ಟ ಹಳೆಯ ಪುಡಿಯಲ್ಲಿ ಸತ್ವವಿರುವುದಿಲ್ಲ.

ಚಾವಣಿಯ ನೀರು

ರಾಜ್ಯದ ಸುವರ್ಣ ಮಹೋತ್ಸವದ ವೇಳೆ ‘ಸುವರ್ಣ ಜಲ’ ಯೋಜನೆಯಡಿ 23,683 ಗ್ರಾಮೀಣ ಶಾಲೆಗಳನ್ನು ಮಳೆನೀರು ಸಂಗ್ರಹಕ್ಕೆ ಆರಿಸಲಾಗಿತ್ತು. ನೋಡಿಕೊಳ್ಳುವವರಿಲ್ಲದೆ ಎಷ್ಟೋ ಕಡೆ ತೊಟ್ಟಿಗಳು ಪಾಳುಬಿದ್ದವು. ಆದರೂ ಲೆಕ್ಕ ಸುಳ್ಳಲ್ಲ. 100 ಚದರ ಮೀಟರ್ ಚಾವಣಿಯ ಮೇಲೆ 800 ಮಿಲಿಮೀಟರ್ ಮಳೆ ಬಿದ್ದರೆ 80,000 ಲೀಟರ್ ಆಯಿತು. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 64,000 ಲೀಟರ್ ಸಿಗುತ್ತದೆ. ಈ ನೀರಿನಲ್ಲಿ ಫ್ಲೋರೈಡಿನ ಭಯವಿಲ್ಲ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಸೋಸಿ, ಕ್ಲೋರಿನ್ ಬೆರೆಸಿ ಬಳಸಬೇಕು.

ಮಾಡಬೇಕಾದ್ದು

ಬೇಸಿಗೆ ರಜೆಯ ಬಳಿಕ ಶಾಲೆ ಬಾಗಿಲು ತೆರೆಯುವ ಮುನ್ನವೇ ಟ್ಯಾಂಕು ತೊಳೆಸಿ, ಮುಚ್ಚಳ ಭದ್ರಪಡಿಸಿ. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ನೀರಿನ ಪರೀಕ್ಷೆ ಮಾಡಿಸುವಂತೆ ಪಂಚಾಯ್ತಿಯನ್ನು ಕೇಳಿ. ಫಲಿತಾಂಶವನ್ನು ಶಾಲೆಯ ಗೋಡೆಗೆ ಅಂಟಿಸಲಿ. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ನೀರುಗಂಟಿಯನ್ನೂ ಕರೆಯಿರಿ. ಊರ ಬಾವಿಯ ಬಳಿ ಬೋರ್ ಕೊರೆಸುವ ಯೋಚನೆಯಿದ್ದರೆ, ಲಾರಿ ಕರೆಸುವ ಮೊದಲು ದೂರವನ್ನು ಅಳೆಸಿ.