ಅಗಲ ಪರದೆ ಕೊಳ್ಳುವ ಮುನ್ನ ಒತ್ತಕ್ಷರ ಗಮನಿಸಿ

'ತಳಕು' ಎಂಬ ಹೆಸರಿನಲ್ಲಿ ಒತ್ತಕ್ಷರವಿಲ್ಲ. ಸಾಧಾರಣ ಮಾನಿಟರ್‌ನಲ್ಲಿಯೂ ಅದು ಸ್ಪಷ್ಟವಾಗಿ ಕಾಣುತ್ತದೆ. ಅದರ ತಾಲ್ಲೂಕು ಕೇಂದ್ರವಾದ ಚಳ್ಳಕೆರೆ, ನೆರೆಯ ಮೊಳಕಾಲ್ಮೂರು ಹಾಗಲ್ಲ. ಸಣ್ಣ ಅಕ್ಷರಗಳಲ್ಲಿ ಒತ್ತುಗಳು ಕಲಸಿಹೋದರೆ ಪಹಣಿ, ಅರ್ಜಿಗಳನ್ನು ಸಿದ್ಧಪಡಿಸುವವರ ಕಣ್ಣು ದಣಿಯುತ್ತದೆ. ಹೆಸರು ತಪ್ಪಾಗಿ ದಾಖಲಾಗುವ ಅಪಾಯವೂ ಉಂಟು.

ಅಗ್ಗದ ಅಗಲ ಪರದೆಗಳಲ್ಲಿ ಸಾಮಾನ್ಯವಾಗಿ ದೊರೆಯುವುದು 1920×1080 ಪಿಕ್ಸೆಲ್. ಇವು 21.5 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 102, 24 ಇಂಚಿನದರಲ್ಲಿ 92, 27 ಇಂಚಿನದರಲ್ಲಿ ಕೇವಲ 82ರಂತೆ ಹಂಚಿಹೋಗುತ್ತವೆ. ಒಂದೇ ದೂರದಿಂದ ನೋಡಿದಾಗ ದೊಡ್ಡ ಪರದೆಯ ಅಕ್ಷರದ ಅಂಚು ಒರಟಾಗಿ ತೋರುತ್ತದೆ.

ಆದ್ದರಿಂದ ಹಣ ಮಿತವಾಗಿದ್ದಲ್ಲಿ 22ರಿಂದ 24 ಇಂಚಿನೊಳಗಿನ, ಪಕ್ಕದಿಂದ ನೋಡಿದರೂ ಬಣ್ಣ ಮಾಸದ ಐಪಿಎಸ್ ಪರದೆಯೇ ಲೇಸು. ಅಂಗಡಿಯಲ್ಲಿ ಚಲನಚಿತ್ರದ ದೃಶ್ಯಕ್ಕೆ ಮರುಳಾಗದೆ, 'ಮೊಳಕಾಲ್ಮೂರು' ಎಂದು ಸಣ್ಣದಾಗಿ ಬೆರಳಚ್ಚಿಸಿ ಪರೀಕ್ಷಿಸುವುದು ಒಳಿತು.